ಡೋರ್ತೆಯಾ ಅತ್ತೆಯ ಎಡಹುಬ್ಬು

ಕುರಮೋಚಿ ಶಿಗೆಯೊ ಅವರಿಗೆ ಸಿಟ್ಟು ಬಂದಿತ್ತು. ಹೀಗೆಂದ ಕೂಡಲೇ ಬೆಳಿಗ್ಗೆ ಏರಿ ಸಂಜೆಗೆ ಇಳಿಯುವ ನಮ್ಮ ನಿಮ್ಮಂಥವರ ಸಿಟ್ಟು ಎಂದುಕೊಳ್ಳಬೇಡಿ. ಅದು ಮೂವತ್ತು ವರ್ಷ ಸಾಕಿ ಬೆಳೆಸಿದ ಸಿಟ್ಟು. ಅದೇ ಮನೆಯಲ್ಲಿ ಬೆಳೆದ ಮಗಳು ನತ್ಸುಕೊ ಮದುವೆಯಾಗಿ ಒಸಾಕಾ ಸೇರಿದಳು. ಮೂರು ಬೆಕ್ಕುಗಳು ಬಂದು, ಬದುಕಿ, ತೀರಿಕೊಂಡವು. ಸಿಟ್ಟು ಮಾತ್ರ ಟೋಕಿಯೊದ ನೆರಿಮಾ ಬಡಾವಣೆಯ ಆ ಪುಟ್ಟ ಮನೆಯಲ್ಲಿ ಹಲ್ಲು ಗಟ್ಟಿಯಾಗಿಟ್ಟುಕೊಂಡು ಉಳಿದಿತ್ತು. (ಎಪ್ಪತ್ತಮೂರರ ಕುರಮೋಚಿಯವರ ಸ್ವಂತ ಹಲ್ಲುಗಳಿಗೆ ಆ ಭಾಗ್ಯ ಇರಲಿಲ್ಲ.)

ದೂರು ಇಷ್ಟೇ: ತಾನು ಬರೆದ ಚಿತ್ರದ ಹಾಳೆಗಳನ್ನೆಲ್ಲ ಹೆಂಡತಿ ತೊಮೊಎ ಕಸಕ್ಕೆ ಎಸೆದಳು.

ಯಾವ ಹಾಳೆಗಳು ಎಂದು ಕೇಳಿದರೆ ಕುರಮೋಚಿಯವರು ಕುಳಿತಲ್ಲೇ ಎರಡು ಅಂಗುಲ ಎತ್ತರವಾಗುತ್ತಿದ್ದರು. ನಲವತ್ತು ವರ್ಷದ ಹಿಂದೆ ಭಾನುವಾರ ಸಂಜೆ ಏಳೂವರೆಗೆ ಇಡೀ ಜಪಾನನ್ನು ಟಿವಿಯ ಮುಂದೆ ಕೂರಿಸಿದ ‘ದೀಪಗೋಪುರದ ಮಾರೆನ್’ ಎಂಬ ಕಾರ್ಟೂನು ಧಾರಾವಾಹಿಯ ಹಾಳೆಗಳು. ಡೆನ್ಮಾರ್ಕಿನ ಯಾವುದೋ ದ್ವೀಪದ ಯಾರೋ ಶಾಲಾ ಶಿಕ್ಷಕಿ ಬರೆದ ಮಕ್ಕಳ ಪುಸ್ತಕ ಅದಕ್ಕೆ ಮೂಲ. ತಬ್ಬಲಿ ಹುಡುಗಿ ಮಾರೆನ್ ದೀಪಗೋಪುರದಲ್ಲಿರುವ ತನ್ನ ಸೋದರತ್ತೆ ಡೋರ್ತೆಯಾಳ ಮನೆಗೆ ಬರುತ್ತಾಳೆ. ಪುಸ್ತಕದಲ್ಲಿ ಈ ಅತ್ತೆಗೆ ಸಿಕ್ಕಿರುವುದು ನಾಲ್ಕು ಸಾಲು. ಎರಡನೆಯ ಅಧ್ಯಾಯಕ್ಕೆ ನೆಗಡಿಯಾಗಿ ಸತ್ತೇ ಹೋಗುತ್ತಾಳೆ. ಆದರೆ ಅಂಗೈ ಅಗಲದ ಪುಸ್ತಕವನ್ನು ಐವತ್ತೆರಡು ವಾರ ಎಳೆಯಬೇಕಲ್ಲ? ಅತ್ತೆ ಸತ್ತರೆ ಹುಡುಗಿಯನ್ನು ಬೈಯುವವರು ಯಾರು? ಆದ್ದರಿಂದ ಟೋಕಿಯೊದಲ್ಲಿ ಅತ್ತೆಗೆ ಪುನರ್ಜನ್ಮವಾಯಿತು. ಕೈಯಲ್ಲಿ ಸೌಟು, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಬಿಲ್ಲಿನಂತೆ ಮೇಲೇರುವ ಎಡಹುಬ್ಬು. ಆ ಹುಬ್ಬು ಏರಿತೆಂದರೆ ದೇಶದ ಮಕ್ಕಳೆಲ್ಲ ಅಮ್ಮನ ಸೆರಗು ಹುಡುಕುತ್ತಿದ್ದರು. ಮುಂದೆ ಧಾರಾವಾಹಿ ಇಟಲಿಗೆ ಹೋಯಿತು, ಸ್ಪೇನಿಗೆ ಹೋಯಿತು, ಅರಬ್ ನಾಡುಗಳಿಗೂ ಹೋಗಿ ಅಲ್ಲಿನ ಭಾಷೆಯಲ್ಲಿ ಬೈಯತೊಡಗಿತು. ಅಲ್ಲಿಯ ಮಕ್ಕಳೂ ಅಷ್ಟೇ ನಿಷ್ಠೆಯಿಂದ ಹೆದರಿದರು.

ಆ ಹುಬ್ಬನ್ನು ಬರೆದವರು ಕುರಮೋಚಿ.

ಆದರೆ ಲೋಕ ಹೇಳುವುದೇ ಬೇರೆ. ಮೂವತ್ತು ವರ್ಷದ ಹಿಂದೆ ಒಂದು ಪತ್ರಿಕೆಯವರು, ‘ಅತ್ತೆಯ ಮೂಲಚಿತ್ರ ಒಂದು ಕೊಡಿ, ಅಚ್ಚು ಹಾಕುತ್ತೇವೆ’ ಎಂದು ಕೇಳಿದರು. ಧಾರಾವಾಹಿ ತಯಾರಿಸಿದ ಕಂಪನಿಯಲ್ಲಿ ಏನೂ ಇರಲಿಲ್ಲ. ಆಗೆಲ್ಲ ಚಿತ್ರೀಕರಣ ಮುಗಿದ ಮೇಲೆ ಚಿತ್ರಗಳನ್ನು ಲಾರಿಗೆ ತುಂಬಿ ಕಸದ ಜೊತೆ ಕಳಿಸುತ್ತಿದ್ದರು. ಪೆನ್ಸಿಲಿನಲ್ಲಿ ಬರೆದ ಮೂಲ ಹಾಳೆಗಳನ್ನು ಮಾತ್ರ ಕುರಮೋಚಿ ಬಟ್ಟೆಯಲ್ಲಿ ಗಂಟು ಕಟ್ಟಿ ಮನೆಗೆ ತಂದದ್ದು ಚೆನ್ನಾಗಿ ನೆನಪಿತ್ತು. ಮನೆಯೆಲ್ಲ ಹುಡುಕಿದರು, ಸಿಗಲಿಲ್ಲ. ಪತ್ರಿಕೆಯವರು ಅಂದು ಪಕ್ಕದ ಮೇಜಿನಲ್ಲಿ ಕುಳಿತು ಚಿತ್ರ ಬರೆಯುತ್ತಿದ್ದ ಇಸೊಬೆಯನ್ನು ಕೇಳಿದರು. ಅವನ ಬಳಿ ಒಂದು ಹಾಳೆ ಇತ್ತು, ಕಡೆಯ ಕಂತಿನದು: ಮಲಗಿದ ಮಾರೆನ್‌ಳಿಗೆ ಅತ್ತೆ ಸದ್ದಿಲ್ಲದೆ ಕಂಬಳಿ ಹೊದಿಸುವ ಚಿತ್ರ. ಅಂದಿನಿಂದ ಇಸೊಬೆ ‘ಡೋರ್ತೆಯಾ ಅತ್ತೆಯ ಜನಕ’. ಟಿವಿಯಲ್ಲಿ ಕುಳಿತು ‘ಆ ಮುಖ ನನ್ನ ಕೈಯಲ್ಲಿ ಹುಟ್ಟಿತು’ ಎನ್ನುತ್ತಿದ್ದ. ಅವನು ಬಾಯಿ ತೆರೆದಾಗಲೆಲ್ಲ ಕುರಮೋಚಿ ಟಿವಿಯವರಿಗೊಂದು ಪತ್ರ ಬರೆಯುತ್ತಿದ್ದರು. ಬರೆದು, ಓದಿ, ಇನ್ನೂ ಖಾರ ಸಾಲದು ಎನಿಸಿ ಪಕ್ಕಕ್ಕಿಡುತ್ತಿದ್ದರು. ಹೀಗೆ ಅಂಚೆಗೆ ಹೋಗದ ಪತ್ರಗಳು ಎರಡು ಕಿತ್ತಳೆ ಪೆಟ್ಟಿಗೆ ತುಂಬಿದ್ದವು.

ಈಗ ಒಂದು ಸೋಮವಾರ ಡೆನ್ಮಾರ್ಕಿನಿಂದಲೇ ಕಾಗದ ಬಂತು. ಆ ದ್ವೀಪದಲ್ಲಿ ಪುಟ್ಟ ವಸ್ತುಸಂಗ್ರಹಾಲಯ ತೆರೆಯುತ್ತಿದ್ದಾರಂತೆ. ಅದನ್ನು ನೋಡಿಕೊಳ್ಳುವ ಬೋಡಿಲ್ ಎಂಬ ಹೆಂಗಸು ಅದೇ ವಾರ ಟೋಕಿಯೊಗೆ ಬರುತ್ತಾಳಂತೆ. ‘ಅತ್ತೆಯನ್ನು ನೀವೇ ಚಿತ್ರಿಸಿದಿರೆಂದು ಕೇಳಿದ್ದೇವೆ. ತಮ್ಮ ಕೈಬರಹವಿರುವ ಒಂದೇ ಒಂದು ಹಾಳೆ ದೊರೆತರೂ ತಮ್ಮ ಹೆಸರಿನೊಂದಿಗೆ ಗೋಡೆಯ ಮೇಲೆ ತೂಗಿಸುವೆವು. ದೊರೆಯದಿದ್ದಲ್ಲಿ, ಇಸೊಬೆಯವರ ಹಾಳೆಯೊಂದು ನಮ್ಮ ಬಳಿ ಇದೆ.’

ಆ ಕೊನೆಯ ವಾಕ್ಯ ಓದಿ ಕುರಮೋಚಿಯವರ ಕಿವಿ ಕೆಂಪಾಯಿತು. ಅವರು ನೇರ ಅಡುಗೆಮನೆಗೆ ನುಗ್ಗಿದರು.

“ಲೇ ತೊಮೊಎ! ನಿಜ ಹೇಳ್ಬಿಡು. ಯಾವ ವರ್ಷ ಎಸೆದೆ?”

ತೊಮೊಎ ಮೂಲಂಗಿಗೆ ಉಪ್ಪು ಹಾಕುತ್ತಿದ್ದರು. ತಲೆ ಎತ್ತಲಿಲ್ಲ. “ಏನನ್ನ?”

“ಏನನ್ನ ಅಂತ ಬೇರೆ ಕೇಳ್ತೀಯಾ? ನನ್ನ ಜೀವನವನ್ನ!”

“ಅದನ್ನ ನಾನು ಎಸೆದಿಲ್ಲ ರೀ. ಗೂಟಕ್ಕೆ ನೇತುಹಾಕಿರ್ತೀರ, ಎಲ್ಲ ಸುಕ್ಕುಸುಕ್ಕು. ಇಸ್ತ್ರಿ ಮಾಡಿ ಕೊಡ್ತಾ ಇದೀನಿ ನಲವತ್ತೆರಡು ವರ್ಷದಿಂದ.”

“ತಮಾಷೆ ಬೇಡ! ಡೋರ್ತೆಯಾ ಹಾಳೆಗಳು ಎಲ್ಲಿ?”

“ಅಯ್ಯೋ, ಆ ಬಜಾರಿನಾ? ಅವಳನ್ನ ಈ ಮನೆಯಿಂದ ಆಚೆ ಹಾಕೋ ಭಾಗ್ಯ ನಂಗಿದ್ದಿದ್ರೆ ಹಬ್ಬ ಮಾಡ್ತಿದ್ದೆ. ಏನು ಮುಖ, ಏನು ಸೌಟು! ಆಮೇಲಾಮೇಲೆ ಮರುಪ್ರಸಾರ ಬಂದಾಗ ನಮ್ಮ ನತ್ಸುಕೊ ಟಿವೀಲಿ ಅವಳನ್ನ ನೋಡಿ ಅಳೋದು, ಆಮೇಲೆ ನನ್ನ ಕಡೆ ತಿರುಗಿ ಇನ್ನೂ ಜೋರಾಗಿ ಅಳೋದು. ಯಾವ ಮಹಾತಾಯಿನ ನೋಡಿ ಬರೆದ್ರೋ ಏನೋ!”

(ಈ ಪ್ರಶ್ನೆ ಬಂದಾಗಲೆಲ್ಲ ಕುರಮೋಚಿಯವರಿಗೆ ಚಹಾ ನೆತ್ತಿಗೇರುತ್ತಿತ್ತು. ಈಗ ಕೈಯಲ್ಲಿ ಚಹಾ ಇಲ್ಲದ್ದರಿಂದ ಬರಿಯ ಗಾಳಿಯೇ ನೆತ್ತಿಗೇರಿತು.)

“ಮಾತು ತಿರುಗಿಸ್ಬೇಡ! ಈ ಮನೇಲಿ ವರ್ಷಕ್ಕೊಂದ್ಸಲ ಗುಡಿಸಿ, ಒರೆಸಿ, ಎಸೆಯೋಳು ಯಾರು? ನಾನಾ?”

“ನೀವು ಗುಡಿಸೋದೇ? ಮದುವೆ ಆದಾಗಿನಿಂದ ಈ ಮನೇಲಿ ನೀವು ಮಾಡಿರೋದು ಒಂದೇ ಒಂದು ಕೆಲಸ. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಹಾಸಿಗೆ ಮಡಚಿಡೋ ಗೂಡಿನ ಬಾಗಿಲಿಗೆ ಹೊಸ ಕಾಗದ ಅಂಟಿಸಿದ್ರಲ್ಲ, ಅದು. ಮಗೂನ ಎತ್ಕೊಂಡು ಬಂದು ನೋಡ್ತೀನಿ, ಬಾಗಿಲು ಫಳಫಳ ಅಂತಿದೆ. ಅತ್ತೇಬಿಟ್ಟೆ. ಆ ಕಾಗದ ಕಂದು ತಿರುಗಿ ಚಿಂದಿ ಆಗಿದ್ರೂ ಬದಲಾಯಿಸೋಕೆ ಬಿಟ್ಟಿಲ್ಲ ನಾನು, ಗೊತ್ತಾ? ಅದೊಂದೇ ಅಲ್ವಾ ಸಾಕ್ಷಿ, ನನಗೂ ಒಬ್ಬ ಗಂಡ ಇದಾನೆ ಅನ್ನೋದಕ್ಕೆ.”

ಕುರಮೋಚಿ ಮೌನವ್ರತ ಘೋಷಿಸಿದರು. ಮೂರು ದಿನ ಹೆಂಡತಿಯ ಜೊತೆ ಮಾತಿಲ್ಲ. ಅನ್ನದ ಬಟ್ಟಲನ್ನು ಟಣ್ ಎಂದು ಇಟ್ಟರೆ ‘ಇನ್ನಷ್ಟು ಹಾಕು’ ಎಂದರ್ಥ. ಟಣ್ ಟಣ್ ಎಂದರೆ ‘ಸಾರೂ’. ವ್ರತದ ಉತ್ಸಾಹದಲ್ಲಿ ಒಂದು ಚಿಕ್ಕ ವಿಷಯ ಹೇಳುವುದು ಬಿಟ್ಟುಹೋಯಿತು: ಬೋಡಿಲ್ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾಳೆ ಎಂಬುದು. ಗುರುವಾರ ಎಂದಷ್ಟೇ ಗೊತ್ತಿದ್ದ ತೊಮೊಎ, ಮರ್ಯಾದಸ್ಥರು ಯಾರೇ ಆದರೂ ಮೂರು ಗಂಟೆಯ ಚಹಾಕ್ಕಲ್ಲದೆ ಬರುವುದಿಲ್ಲ ಎಂದು ತೀರ್ಮಾನಿಸಿ, ಬೆಳಿಗ್ಗೆಯೇ ತಲೆಗೆ ಬಟ್ಟೆ ಬಿಗಿದು, ಹಿಂದೆ ಗಂಟು ಹಾಕಿ, ಮನೆ ಒರೆಸಲು ಇಳಿದರು.

ಹತ್ತೂ ಮುಕ್ಕಾಲಿಗೆ ಕುರಮೋಚಿ ಗಡಿಯಾರ ನೋಡಿದರು. ಇನ್ನು ಕಾಲು ಗಂಟೆ! ಒಂದು ಹಾಳೆ! ಒಂದೇ ಒಂದು! ಇಲ್ಲದಿದ್ದರೆ ಸಮುದ್ರದಾಚೆಯ ಗೋಡೆಯ ಮೇಲೂ ಇಸೊಬೆ ಹಲ್ಲು ಕಿರಿಯುತ್ತಾನೆ. ಮೂರು ದಿನದ ವ್ರತ ಮುರಿದು ಬಿತ್ತು.

“ಆ ಗೂಡಿನ ಹಿಂದೆ ಹುಡುಕಿದ್ಯಾ?”

“ಓಹೋ, ದೇವರು ಬಾಯಿ ಬಿಟ್ರು! ಹುಡುಕಿದೀನಿ. ನಿಮ್ಮ ಹಳೇ ಕಾಲ್ಚೀಲ ಇತ್ತು. ಬೇಕಾದ್ರೆ ಅದನ್ನ ಡೆನ್ಮಾರ್ಕಿಗೆ ಕಳಿಸಿ.”

“ನಾನೇ ನೋಡ್ತೀನಿ!”

ಕುರಮೋಚಿ ಹಾಸಿಗೆ ಗೂಡಿನ ಜಾರುಬಾಗಿಲನ್ನು ಎಳೆದರು. ಅದು ಅಲುಗಲಿಲ್ಲ. ಮರದ ಚೌಕಟ್ಟು, ಅದರೊಳಗೆ ಒಂದರ ಮೇಲೊಂದು ಅಂಟಿಸಿದ ರದ್ದಿ ಕಾಗದ, ಎಲ್ಲದರ ಮೇಲೆ ಒಂದು ಚಂದದ ಕಾಗದ. ಅಷ್ಟೇ ಆ ಬಾಗಿಲು. ಪಾಪ, ಅದಕ್ಕೂ ನಲವತ್ತಾಗಿತ್ತು, ಕೀಲು ಹಿಡಿದಿತ್ತು. ಇನ್ನೊಮ್ಮೆ ಎಳೆದರು. ಆಮೇಲೆ ಇಸೊಬೆಯನ್ನು ನೆನೆದು ಒಂದು ಒದೆ ಕೊಟ್ಟರು. ಹಿಮ್ಮಡಿ ಫಟ್ ಎಂದು ಒಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು.

ಸರಿಯಾಗಿ ಆಗಲೇ ಬಾಗಿಲ ಗಂಟೆ ಹೊಡೆಯಿತು.

“ಯಾರಿದು ಈ ಹೊತ್ತಿಗೆ?” ಎಂದರು ತೊಮೊಎ. ಒಂಟಿಕಾಲಿನಲ್ಲಿ ನಿಂತ ಗಂಡನನ್ನು, ತಾನು ನಲವತ್ತು ವರ್ಷ ಕಾಪಾಡಿದ ಬಾಗಿಲಿನ ತೂತನ್ನು ಒಮ್ಮೆ ನೋಡಿದರು. ಎಡಹುಬ್ಬು ನಿಧಾನವಾಗಿ ಮೇಲೇರಿತು. ಒಂದು ಮಾತೂ ಆಡದೆ, ಕೈಯಲ್ಲಿದ್ದ ಸೌಟಿನ ಸಮೇತ (ಒಲೆಯ ಮೇಲೆ ಸಾರಿತ್ತು) ಹೋಗಿ ಕದ ತೆರೆದರು.

ಹೊರಗೆ ನಿಂತಿದ್ದ ಎತ್ತರದ, ನರೆಗೂದಲಿನ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. ಕೈಚೀಲ ನೆಲಕ್ಕೆ ಬಿತ್ತು.

“ದೇವರೇ,” ಎಂದಳು ಬೋಡಿಲ್. “ತಾವು ಜೀವಂತವಾಗಿದ್ದೀರಾ?”

ಬೋಡಿಲ್ ಜಪಾನಿ ಭಾಷೆಯನ್ನು ಪುಸ್ತಕದಿಂದ ಕಲಿತವಳು, ಹಾಗಾಗಿ ಶಾಸನ ಓದಿದಂತೆ ಮಾತಾಡುತ್ತಿದ್ದಳು. ತೊಮೊಎ ಇದನ್ನು ದೂರದೇಶದ ಕುಶಲಪ್ರಶ್ನೆ ಎಂದು ತಿಳಿದು ತಲೆಬಾಗಿದರು. “ಹ್ಞೂಂ, ನಿಮ್ಮ ಆಶೀರ್ವಾದ, ಹೇಗೋ ಜೀವಂತ ಇದೀನಿ. ಮಂಡಿನೋವು ಒಂದು ಬಿಟ್ರೆ. ಒಳಗೆ ಬನ್ನಿ, ಮನೆ ತುಂಬ ಗಲೀಜು.”

ಕುರಮೋಚಿ ಕಾಲು ಬಿಡಿಸಿಕೊಂಡು, ತೂತಿಗೆ ಬೆನ್ನು ಕೊಟ್ಟು, ಗಂಭೀರವಾಗಿ ನೆಲದ ಮೇಲೆ ಕುಳಿತರು. ಚಹಾ ಬಂತು, ಮೂಲಂಗಿ ಉಪ್ಪಿನಕಾಯಿ ಬಂತು. ಬೋಡಿಲ್ ಅತ್ತ ಇತ್ತ ನೋಡದೆ ತೊಮೊಎಯ ತಲೆಯನ್ನೇ ನೋಡುತ್ತಿದ್ದಳು.

“ಅಮ್ಮನವರೇ, ತಮ್ಮ ಶಿರೋವಸ್ತ್ರದ ಈ ಗಂಟು ಯಾವ ಪ್ರಾಂತ್ಯದ್ದು?”

“ಇದಾ? ಕಸ ಗುಡಿಸೋ ಗಂಟು. ನಮ್ಮಮ್ಮ ಹೀಗೇ ಕಟ್ಟೋರು.”

“ನಾಲ್ಕು ಸಂವತ್ಸರಗಳು!” ಎಂದು ಬೋಡಿಲ್ ಹಣೆ ಹಿಡಿದುಕೊಂಡಳು. “ಡೋರ್ತೆಯಾ ಅತ್ತೆಯ ತಲೆಯ ಈ ಗಂಟು ಡೆನ್ಮಾರ್ಕಿನ ಯಾವ ದ್ವೀಪದ್ದೆಂದು ನಾವು ನಾಲ್ಕು ಸಂವತ್ಸರಗಳಿಂದ ಶೋಧಿಸುತ್ತಿದ್ದೇವೆ. ಹಳೆಯ ಭಾವಚಿತ್ರಗಳನ್ನು ಪರಿಶೀಲಿಸಿದೆವು. ವೃದ್ಧೆಯರನ್ನು ವಿಚಾರಿಸಿದೆವು. ಒಬ್ಬ ವಿದ್ವಾಂಸರು ಪ್ರಬಂಧವನ್ನೇ ರಚಿಸಿದರು.” ಅವಳು ಉಪ್ಪಿನಕಾಯಿಯತ್ತ ಬೆರಳು ತೋರಿದಳು. “ಮತ್ತು ಪೀಪಾಯಿಯ ಮೇಲೆ ಅತ್ತೆ ಇರಿಸುವ ಆ ದೊಡ್ಡ ಕಲ್ಲು?”

“ಮೂಲಂಗಿ ಅದುಮೋಕೆ ಕಲ್ಲು ಇಡದೆ ಇನ್ನೇನು ಬೆಕ್ಕು ಕೂರಿಸ್ತಾರಾ?” ಎಂದರು ತೊಮೊಎ.

ಬೋಡಿಲ್ ನಿಟ್ಟುಸಿರಿಟ್ಟು ಹೇಳಿದ್ದು ಇದು: ಡೆನ್ಮಾರ್ಕಿನಲ್ಲಿ ಆ ಪುಸ್ತಕವನ್ನು ಈಗ ಯಾರೂ ಓದುವುದಿಲ್ಲ. ಆದರೆ ಬೇಸಿಗೆ ಬಂತೆಂದರೆ ಬಸ್ಸು ತುಂಬ ಇಟಲಿಯವರು, ಸ್ಪೇನಿನವರು, ಕುವೈತಿನವರು ಬರುತ್ತಾರೆ. ಗಡ್ಡ ಬಿಟ್ಟ ಗಂಡಸರು, ಮೊಮ್ಮಕ್ಕಳಿರುವ ಹೆಂಗಸರು. ‘ಅತ್ತೆಯ ಅಡುಗೆಮನೆ ಎಲ್ಲಿ? ಕಲ್ಲು ಹೇರಿದ ಪೀಪಾಯಿ ಎಲ್ಲಿ?’ ಎಂದು ಕೇಳುತ್ತಾರೆ. ಇಲ್ಲವೆಂದರೆ ಅಳುತ್ತಾರೆ. ಕೊನೆಗೆ ಊರಿನವರೇ ಸೇರಿ ಒಂದು ಅಡುಗೆಮನೆ ಕಟ್ಟಿಸಿದರು, ಪೀಪಾಯಿ ಇಟ್ಟರು, ಮೇಲೆ ಕಲ್ಲನ್ನೂ ಇಟ್ಟರು. ಒಳಗೆ ಏನು ಹಾಕಬೇಕೆಂಬುದು ಮಾತ್ರ ಇವತ್ತಿಗೂ ಯಾರಿಗೂ ತಿಳಿಯದು.

ಕುರಮೋಚಿಯವರಿಗೆ ಇನ್ನು ತಡೆಯಲಾಗಲಿಲ್ಲ. ಬಂದದ್ದು ತನ್ನನ್ನು ನೋಡಲು, ಮಾತೆಲ್ಲ ಮೂಲಂಗಿಯ ಮೇಲೆ! ಅವರು ಚಹಾದ ಬಟ್ಟಲು ಕುಕ್ಕಿದರು.

“ಕಲ್ಲು ಬರೆದಿದ್ದು ನಾನು! ಗಂಟು ಬರೆದಿದ್ದು ನಾನು! ಹುಬ್ಬು ನಂದು! ಇಸೊಬೆ ಬರೀ ಕಳ್ಳ. ಸಾವಿರ ಹಾಳೆ ಇತ್ತಮ್ಮಾ ನನ್ನ ಹತ್ರ, ಸಾವಿರ! ಎಲ್ಲಾ ಈ ಮಹಾರಾಯಿತಿ ಕಸಕ್ಕೆ ಹಾಕಿದ್ಲು!”

ಅತಿಥಿಯ ಎದುರಿಗೇ ಈ ಮಾತು! ತೊಮೊಎ ಬಾಯಿ ಬಿಡಲಿಲ್ಲ. ತುಟಿ ಗಟ್ಟಿಯಾಗಿ ಮುಚ್ಚಿತು, ಎಡಗೈ ಸೊಂಟಕ್ಕೆ ಹೋಯಿತು, ಎಡಹುಬ್ಬು ತಲೆಬಟ್ಟೆಯ ಅಂಚಿನವರೆಗೂ ಏರಿತು. ಬೋಡಿಲ್ ತನಗರಿವಿಲ್ಲದೆ ಉಪ್ಪಿನಕಾಯಿಯ ತಟ್ಟೆಯನ್ನು ಮುಂದಕ್ಕೆ ತಳ್ಳಿ, ತಪ್ಪು ಮಾಡಿದ ಮಗುವಿನಂತೆ ಕೈಕಟ್ಟಿ ಕುಳಿತಳು. ಆಮೇಲೆ ಆ ಹುಬ್ಬಿನಿಂದ ತಪ್ಪಿಸಿಕೊಳ್ಳಲು ಕಣ್ಣನ್ನು ಬೇರೆಡೆ ಹೊರಳಿಸಿದಳು. ಕಣ್ಣು ಹೋಗಿ ಬಿದ್ದದ್ದು ಕುರಮೋಚಿಯವರ ಹೆಗಲಾಚೆಯ ತೂತಿನ ಮೇಲೆ.

“ಕ್ಷಮಿಸಿರಿ,” ಎಂದಳು. “ಆ ಹರಿದ ಕಾಗದದ ಅಂಚಿನಲ್ಲಿ ಮೂರು ರಂಧ್ರಗಳಿವೆ. ನಡುವಿನದು ಗುಂಡಗೆ, ಅಕ್ಕಪಕ್ಕದವು ಉದ್ದ. ಅವು ಕಾರ್ಟೂನು ಚಿತ್ರದ ಹಾಳೆಗಳನ್ನು ಅಲುಗದಂತೆ ಜೋಡಿಸಲು ಕೊರೆಯುವ ರಂಧ್ರಗಳಲ್ಲವೇ?”

ತೊಮೊಎ ಎದ್ದು ಹೋಗಿ ತೂತಿನ ಅಂಚು ಹಿಡಿದು ಎಳೆದರು. ಮೇಲಿನ ಕಂದು ಕಾಗದ ಪರ್ರನೆ ಹರಿಯಿತು. ಒಳಗೆ, ಮೂಲೆಯಿಂದ ಮೂಲೆಯವರೆಗೆ, ಸಾಲು ಸಾಲಾಗಿ ಡೋರ್ತೆಯಾ ಅತ್ತೆ ಹುಬ್ಬೇರಿಸಿ ನಿಂತಿದ್ದಳು.

ಆಗ ಕುರಮೋಚಿಯವರಿಗೆ ನೆನಪಾಯಿತು. ನಲವತ್ತು ವರ್ಷದ ಹಿಂದಿನದೆಲ್ಲ ಒಂದೇ ಏಟಿಗೆ ನೆನಪಾಯಿತು. ಧಾರಾವಾಹಿ ಮುಗಿದಿತ್ತು, ತೊಮೊಎ ತವರಿನಲ್ಲಿದ್ದರು, ಮರುದಿನ ಮಗುವಿನೊಂದಿಗೆ ಬರುವವರಿದ್ದರು, ಈ ಹಾಳೆಗಳು ಹೆಂಡತಿಯ ಕಣ್ಣಿಗೆ ಬೀಳಬಾರದೆಂದು, ಹರಿದಿದ್ದ ಬಾಗಿಲು ನೋಡಿ, ಎರಡು ಬಾಟಲಿ ಸಾಕೆ ಮದ್ಯ ಏರಿಸಿ, ಕೈಕಾಲೆಲ್ಲ ಅಂಟು ಮಾಡಿಕೊಂಡು, ಒಂದೂ ಬಿಡದಂತೆ ತಾವೇ ಒಳಗೆ ಅಂಟಿಸಿದ್ದರು. ಮರುದಿನ ಹೆಂಡತಿ ಆನಂದದಿಂದ ಅತ್ತಾಗ ನಾಚಿಕೆಯಾಗಿ ಆ ವಿಷಯವನ್ನೇ ಮನಸ್ಸಿನಿಂದ ತೆಗೆದುಹಾಕಿದ್ದರು. ಮನೆಯೆಲ್ಲ ಹುಡುಕಿದಾಗಲೂ ನೆನಪಾಗದಷ್ಟು ಚೆನ್ನಾಗಿ ತೆಗೆದುಹಾಕಿದ್ದರು.

“ತೊಮೊಎ,” ಎಂದರು ಮೆಲ್ಲಗೆ. “ಅದನ್ನ ಓದ್ಬೇಡ.”

ಓದಬೇಡ ಎಂದ ಮೇಲೆ ಓದದೆ ಇರುವವರು ಯಾರು? ತೊಮೊಎ ಕನ್ನಡಕ ಹಾಕಿಕೊಂಡರು. ಅಂಚಿನಲ್ಲಿ, ಕಿರಿಯ ಕಲಾವಿದರಿಗೆಂದು ಬರೆದ ಸೂಚನೆಗಳು, ಕುರಮೋಚಿಯವರ ಕೈಬರಹದಲ್ಲೇ, ಸ್ಪಷ್ಟವಾಗಿದ್ದವು.

“‘ಹುಬ್ಬು ಇನ್ನೊಂದು ನೂಲು ಮೇಲೆ. ಹೇಳದೆ ಕೇಳದೆ ಐದು ಜನರನ್ನ ಊಟಕ್ಕೆ ಕರ್ಕೊಂಡು ಹೋದ್ರೆ ನಮ್ಮ ಮನೇಲಿ ಇಷ್ಟೇ ಏರುತ್ತೆ.’ ಓಹೋ!” ಎಂದರು ತೊಮೊಎ. “‘ಬಾಯಿ ಮುಚ್ಚಿರಲಿ. ತೊಮೊಎ ಬೈದ್ರೆ ನಾನು ಹೆದರಲ್ಲ, ಸುಮ್ಮನಾದ್ರೆ ಹೆದರ್ತೀನಿ.’ ಓಹೋಹೋ! ‘ಸೌಟು ಹೀಗೆ ಹಿಡಿಯೋದಲ್ಲ. ಅನುಮಾನ ಇದ್ರೆ ಭಾನುವಾರ ನಮ್ಮನೆಗೆ ಬಂದು ನೋಡ್ಕೊಳ್ಳಿ.’ ರೀ! ಅದಕ್ಕೇನಾ ಆ ವರ್ಷ ಪ್ರತಿ ಭಾನುವಾರ ನಿಮ್ಮ ಆಫೀಸಿನ ಹುಡುಗರು ಊಟಕ್ಕೆ ಬರ್ತಿದ್ದಿದ್ದು? ನಾನು ಬಡಿಸ್ತಾ ಇದ್ರೆ ಅವರು ತಿನ್ನದೆ ನನ್ನ ಮುಖ ನೋಡ್ತಿದ್ದಿದ್ದು?”

ಕುರಮೋಚಿ ನೆಲದ ಚಾಪೆಯ ಹೆಣಿಗೆಯನ್ನು ಎಣಿಸುತ್ತಿದ್ದರು.

“ಇಟಲಿಯವರಿಗೆ ನಾನು ಬಜಾರಿ. ಸ್ಪೇನಿನವರಿಗೆ ನಾನು ಬಜಾರಿ. ಕುವೈತಿನ ಮಕ್ಕಳು ನನ್ನ ಹೆಸರು ಹೇಳಿದ್ರೆ ಹಾಲು ಕುಡೀತಾರೆ! ಹೆತ್ತ ಮಗಳು ನನ್ನ ನೋಡಿ ಅತ್ತಿದ್ದು ಸುಮ್ಮನೆ ಅಲ್ಲ! ಇಷ್ಟೂ ಸಾಲದು ಅಂತ ಮೂವತ್ತು ವರ್ಷದಿಂದ ಎಸೆದೋಳು ಅನ್ನೋ ಹೆಸರು ಬೇರೆ! ನಾನೂ ಮೂರ್ಖಳು, ಈ ಬಾಗಿಲನ್ನ ಪೂಜೆ ಮಾಡ್ಕೊಂಡು ಕೂತಿದ್ದೆ!” ಈಗ ಅವರ ಕಣ್ಣಲ್ಲಿ ನೀರಿತ್ತು, ಅದು ಸಿಟ್ಟಿನದೇ ನೀರು.

ಕಡೆಯ ಮೂಲೆಯಲ್ಲಿ ಒಂದು ಹಾಳೆ ಬೇರೆಯಾಗಿತ್ತು. ಅದರಲ್ಲಿ ಮುಖವೇ ಇರಲಿಲ್ಲ. ಕಂಬಳಿ ಇತ್ತು, ಮಲಗಿದ ಮಾರೆನ್ ಇದ್ದಳು, ಅತ್ತೆಯ ಮುಖವಿರಬೇಕಾದ ಕಡೆ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಅಂಚಿನ ಬರಹವನ್ನು ತೊಮೊಎ ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಬೋಡಿಲ್ ಕೇಳಿದ ಮೇಲೆ ಗಟ್ಟಿಯಾಗಿ ಓದಿದರು.

“‘ಇಲ್ಲಿ ಹುಬ್ಬು ಬೇಡ. ನಂಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿರ್ತಾಳಲ್ಲ, ಆ ಮುಖ ಬೇಕು. ನಂಗೆ ಬರ್ತಾ ಇಲ್ಲ. ಇಸೊಬೆ, ದಯವಿಟ್ಟು ನೀನೇ ಬರಿ.’”

ಹಾಗಾದರೆ ಇಸೊಬೆ ಕದ್ದಿರಲಿಲ್ಲ. ಬೇಡಿಕೊಂಡು ಬರೆಸಿದ್ದು! ಅದೂ ಕುರಮೋಚಿಯವರೇ, ತಮ್ಮದೇ ಅಕ್ಷರದಲ್ಲಿ. ಎರಡು ಕಿತ್ತಳೆ ಪೆಟ್ಟಿಗೆಯ ಪತ್ರಗಳು ಒಂದೇ ಕ್ಷಣದಲ್ಲಿ ರದ್ದಿಯಾದವು.

ಬೋಡಿಲ್ ಮಾತ್ರ ಹಬ್ಬದ ಊಟ ಕಂಡವಳಂತಿದ್ದಳು. ಇಡೀ ಬಾಗಿಲನ್ನೇ, ಚೌಕಟ್ಟಿನ ಸಮೇತ ಒಯ್ಯುತ್ತೇನೆ ಎಂದಳು. ವಸಂತದಲ್ಲಿ ಉದ್ಘಾಟನೆ, ಅಂದು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಲ್ಲಲು, ಪೀಪಾಯಿಗೆ ಏನು ಹಾಕಬೇಕೆಂದು ಕಲಿಸಲು ಅಮ್ಮನವರು ದಯಮಾಡಿಸಲೇಬೇಕು ಎಂದಳು.

“ಮತ್ತೆ ಗೋಡೆ ಮೇಲೆ ಹೆಸರು?” ಎಂದು ಕುರಮೋಚಿ ಕೇಳಿದರು.

“ಖಂಡಿತ,” ಎಂದಳು ಬೋಡಿಲ್, ಟಿಪ್ಪಣಿ ಪುಸ್ತಕ ತೆರೆದು. “‘ಡೋರ್ತೆಯಾ ಅತ್ತೆ: ಶ್ರೀಮತಿ ತೊಮೊಎ ಕುರಮೋಚಿ. ಕೊನೆಯ ಮುಖ: ಶ್ರೀ ಇಸೊಬೆ. ಉಳಿದ ಚಿತ್ರಗಳು: ಶ್ರೀಮತಿಯವರ ಪತಿ.’ ಸರಿಯಾಗಿದೆಯೇ?”

“ಸರಿಯಾಗಿದೆ,” ಎಂದರು ತೊಮೊಎ.

ವಸಂತ ಬಂತು, ಚೆರಿ ಹೂ ಬಿಟ್ಟಿತು, ತೊಮೊಎ ಮೂಲಂಗಿ ಬೀಜದ ಪೊಟ್ಟಣದೊಂದಿಗೆ ವಿಮಾನ ಹತ್ತಿದರು. ಹೊರಡುವ ಮುನ್ನ ಬಾಗಿಲಿನ ಹೊಸ ಚೌಕಟ್ಟು, ಅಂಟಿನ ಬಟ್ಟಲು, ಎರಡು ಕಿತ್ತಳೆ ಪೆಟ್ಟಿಗೆ, ಮೂರನ್ನೂ ಗಂಡನ ಮುಂದಿಟ್ಟು, “ಒಳಗೆ ಹಾಕೋಕೆ ರದ್ದಿ ಬೇಕಲ್ಲ, ಇದಕ್ಕಿಂತ ಚೆನ್ನಾಗಿರೋದು ಎಲ್ಲಿ ಸಿಗುತ್ತೆ?” ಎಂದಿದ್ದರು.

ಕುರಮೋಚಿ ಅಂಟಿಸುತ್ತಿದ್ದರು. ಸಾಕೆ ಇಲ್ಲದೆ ಅಂಟಿಸುವುದು ಎಷ್ಟು ಕಷ್ಟ ಎಂದು ಈಗ ತಿಳಿಯುತ್ತಿತ್ತು. ಕಾಗದ ಸುಕ್ಕಾಗುತ್ತಿತ್ತು, ಬೆರಳು ಒಂದಕ್ಕೊಂದು ಮೆತ್ತಿಕೊಳ್ಳುತ್ತಿದ್ದವು, ಹಿಂದಿನ ದಿನ ಅಂಟಿಸಿದ ಅರ್ಧ ಬಾಗಿಲು ಆಗಲೇ ಒಮ್ಮೆ ಹರಿದಿತ್ತು. ಇದಕ್ಕೂ ಇಸೊಬೆಯೇ ಕಾರಣ ಎಂದು ಸಾಬೀತು ಮಾಡುವ ದಾರಿ ಹುಡುಕುತ್ತಿದ್ದಾಗ ಅಂಚೆಯಲ್ಲಿ ಒಂದು ಚಿತ್ರಪತ್ರ ಬಂತು. ದೀಪಗೋಪುರ, ಅದರ ಮುಂದೆ ಉದ್ದ ಸಾಲು ನಿಂತ ಜನ, ನಡುವೆ ಸೌಟು ಹಿಡಿದ ತೊಮೊಎ. ಹಿಂದುಗಡೆ ಹೀಗೆ ಬರೆದಿತ್ತು:

“ಇಲ್ಲಿ ಎಲ್ಲರೂ ಒಳ್ಳೆಯವರು. ಇಟಲಿಯವರು ಕೈಗೆ ಮುತ್ತು ಕೊಡ್ತಾರೆ. ಕೆಲಸ ಮಾಡೋಕೆ ಬಿಡೋದಿಲ್ಲ, ಊಟ ಅವರೇ ಬಡಿಸ್ತಾರೆ. ಒಂದೇ ತೊಂದರೆ. ಎಲ್ಲರೂ ಹುಬ್ಬು ಏರಿಸಿ, ಹುಬ್ಬು ಏರಿಸಿ ಅಂತಾರೆ. ನಾಲ್ಕು ದಿನದಿಂದ ಪ್ರಯತ್ನಪಡ್ತಿದೀನಿ, ಸಿಟ್ಟೇ ಬರ್ತಾ ಇಲ್ಲ. ಆ ಹೊಸ ಬಾಗಿಲು ಈಗ ಹೇಗಾಗಿದೆಯೋ ಹಾಗೇ, ಅದರ ಪಕ್ಕ ನಿಂತು, ನಿಮ್ಮದೊಂದು ಫೋಟೋ ತೆಗೆದು ಬೇಗ ಕಳಿಸಿ.”